ಅವರ ಊರಿನಲ್ಲಿ ಬೆಳಗಾಗುವವರೆಗೆ

ಅಧ್ಯಕ್ಷ ಪೀಠವನ್ನು ಅಲಂಕರಿಸಿ ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ವಾಣಿಜ್ಯ ಇಲಾಖೆಯ ಕಾರ್ಯದರ್ಶಿಗಳೇ, ಸಮುದ್ರ ದಾಟಿ ನಮ್ಮ ಜಾಮು ಕಾರ್ಖಾನೆಗೆ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ನಮ್ಮ ಮಾತನ್ನು ಅವರಿಗೂ ಅವರ ಮಾತನ್ನು ನಮಗೂ ದಾಟಿಸುತ್ತಿರುವ ದುಭಾಷಿ ಮೇಡಂ ಅವರೇ, ಮುಂದಿನ ಸಾಲಿನ ಬೆಳೆಗಾರ ಬಂಧುಗಳೇ, ಕುರ್ಚಿ ಖಾಲಿಯಿದ್ದರೂ ಹಿಂದಿನ ಗೋಡೆಗೆ ಒರಗಿ ನಿಂತೇ ಇರುವ ಬೇಯಿಸುವ ಕೋಣೆಯ ಅಕ್ಕತಂಗಿಯರೇ, ಊಟಕ್ಕೆಂದು ಬಂದು ಭಾಷಣಕ್ಕೆ ಸಿಕ್ಕಿಬಿದ್ದ ಸಭಿಕರೇ,

ಸ್ವಾಗತ ಭಾಷಣ ಚಿಕ್ಕದಾಗಿರಲಿ ಎಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಈ ಕಾರ್ಖಾನೆಯ ಅಧ್ಯಕ್ಷನಾದ ಮೇಲೆ ನಾನು ಚಿಕ್ಕ ಭಾಷಣವನ್ನಲ್ಲದೆ ಬೇರೆ ಮಾಡಿದವನಲ್ಲ. ಅದು ಕೆಲವರಿಗೆ ದೊಡ್ಡದಾಗಿ ಕೇಳಿಸಿದ್ದರೆ ದೋಷ ಕಿವಿಯದು.

ಸ್ವಾಗತವೆಂದರೆ ಏನು? ಬಾಗಿಲು ತೆರೆಯುವುದು. ನಾವು ತೆರೆದಿದ್ದೇವೆ. ಎರಡೂ ಕದ ತೆರೆದಿದ್ದೇವೆ. ಈ ಸಭೆಯ ಕೊನೆಗೆ ಸಹಿಯಾಗಬೇಕಿರುವ ಒಪ್ಪಂದವೂ ಬಾಗಿಲಿನ ವಿಷಯವೇ. ನಮ್ಮ ಹಣ್ಣಿನ ತಿರುಳು ಪೀಪಾಯಿಯಲ್ಲಿ ಅತಿಥಿಗಳ ದೇಶಕ್ಕೆ ಹೋದರೆ ಸುಂಕವಿಲ್ಲ. ಅದೇ ತಿರುಳನ್ನು ನಾವೇ ಬೇಯಿಸಿ, ಜಾಮು ಮಾಡಿ ಸೀಸೆಯಲ್ಲಿ ಕಳಿಸಿದರೆ ಬೆಲೆಯ ಮೂರನೇ ಒಂದು ಪಾಲು ಸುಂಕ. ಹಸಿಯಾಗಿ ಹೋದರೆ ‘ಬಾರಮ್ಮ, ಒಳಗೆ ಬಾ’. ಬೆಂದು ಹೋದರೆ ‘ಯಾರು ನೀನು, ಏನು ಬಂದದ್ದು?’ ಇದು ಹಳೆಯ ಕಥೆ. ಹೊಸದೇನೆಂದರೆ, ಅವರ ಜಾಮಿನ ಸೀಸೆ ನಮ್ಮ ಅಂಗಡಿಗೆ ಬಂದರೆ ಇನ್ನು ಮುಂದೆ ನಾವು ಸುಂಕ ಕೇಳುವಂತಿಲ್ಲ. ಇದಕ್ಕೆ ನಮ್ಮ ಕಡೆಯಿಂದ ಎರಡು ಸಹಿ ಬೇಕು. ಬೆಳೆಗಾರರ ಪರವಾಗಿ ನನ್ನ ಅಣ್ಣನದು, ಕಾರ್ಖಾನೆಯ ಪರವಾಗಿ ನನ್ನದು.

ಇಷ್ಟುದ್ದ ಹೇಳಿದ್ದನ್ನು ದುಭಾಷಿ ಮೇಡಂ ಎರಡೇ ಮಾತಿನಲ್ಲಿ ಮುಗಿಸಿದರು. ಎಂಥ ಪಾಕ! ಇವರು ನಮ್ಮ ಬೇಯಿಸುವ ಕೋಣೆಯಲ್ಲಿದ್ದಿದ್ದರೆ ಎಷ್ಟು ಗ್ಯಾಸ್ ಉಳಿಯುತ್ತಿತ್ತು.

ಅತಿಥಿಗಳ ದೇಶದ ಶಿಸ್ತನ್ನು ನಾನು ಕೊಂಡಾಡಲೇಬೇಕು. ನಾವು ಮೊದಲ ಸಲ ಸೀಸೆ ಕಳಿಸಿದಾಗ, ಚೀಟಿಯ ಮೇಲಿನ ಅಕ್ಷರ ಚಿಕ್ಕದು ಎಂದು ಬಂದರಿನಿಂದಲೇ ವಾಪಸು ಮಾಡಿದರು. ಅಕ್ಷರ ದೊಡ್ಡದು ಮಾಡಿದೆವು. ಹಣ್ಣಿನ ಚಿತ್ರ ಚಿಕ್ಕದಾಯಿತು ಎಂದರು. ಚಿತ್ರ ದೊಡ್ಡದು ಮಾಡಿದೆವು. ಚೀಟಿಯೇ ಸೀಸೆಯನ್ನೆಲ್ಲ ಮುಚ್ಚಿದೆ, ಒಳಗಿನ ಜಾಮು ಕಾಣುತ್ತಿಲ್ಲ ಎಂದರು. ಪೀಪಾಯಿಯ ಒಳಗೂ ಏನೂ ಕಾಣುವುದಿಲ್ಲವಲ್ಲ ಸ್ವಾಮಿ ಎಂದು ನಾನು ಕೇಳಲಿಲ್ಲ. ದೊಡ್ಡವರನ್ನು ಅಂಥದ್ದೆಲ್ಲ ಕೇಳಬಾರದು.

ಮೊನ್ನೆ ತಂಗಿಯ ಮನೆಗೆ ಹೋಗಿದ್ದೆ. “ಅಣ್ಣಾ, ಇದನ್ನ ತಿಂದು ನೋಡು, ಫಾರಿನ್ನಿಂದು” ಎಂದು ಒಂದು ಸೀಸೆ ಮುಂದಿಟ್ಟಳು. ತಿಂದೆ. ನಮ್ಮ ತೋಟದ ಹಣ್ಣು ನನ್ನ ನಾಲಿಗೆಗೆ ಗೊತ್ತಾಗುವುದಿಲ್ಲವೇ? ನನಗಿಂತ ಮೊದಲು ನಮ್ಮ ಹಣ್ಣೇ ವಿದೇಶ ಸುತ್ತಿ ಬಂದಿದೆ. “ನಿಮ್ಮ ಕಾರ್ಖಾನೆದು ಇಷ್ಟು ನುಣ್ಣಗಿರಲ್ಲ ಬಿಡು” ಎಂದಳು ತಂಗಿ. ಒಡಹುಟ್ಟಿದವಳು. ಅವಳ ಮದುವೆಗೆ ಓಡಾಡಿದ್ದು ನಾನೇ.

ಒಂದು ಚೀಟಿ ಬಂದಿದೆ. ‘ಮುಗಿಸಿ’ ಎಂದಿದೆ. ಕಾರ್ಯದರ್ಶಿಗಳ ಅಕ್ಷರ ಮುತ್ತು ಪೋಣಿಸಿದಂತಿದೆ. ಮುಗಿಸುತ್ತಿದ್ದೇನೆ ಸಾರ್.

ನಾನು ಬೇಕೆಂದೇ ಕಾಲ ಕಳೆಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಕಾಲವೇ ಸ್ವಲ್ಪ ನಿಧಾನವಾಗಿ ಕಳೆಯುತ್ತಿದೆ. ಬೆಳಿಗ್ಗೆ ಚಹಾ ಕುಡಿಯುವಾಗ ಅತಿಥಿಗಳನ್ನು ಒಂದೇ ಒಂದು ವಿಷಯ ಕೇಳಿದೆ. ಒಪ್ಪಂದದಲ್ಲಿ ‘ಪೀಪಾಯಿ’ ಎಂದಿರುವ ಕಡೆ ‘ಮತ್ತು ಸೀಸೆ’ ಎಂದು ಸೇರಿಸಿ. ನೀವು ನಮ್ಮಿಂದ ಕೇಳಿದ್ದನ್ನೇ ನಾವೂ ಕೇಳುತ್ತಿದ್ದೇವೆ. ಅವರು ಸಜ್ಜನರು, ಸಿಡುಕಲಿಲ್ಲ. “ನಮ್ಮಲ್ಲೂ ಜಾಮು ಮಾಡಿ ಬದುಕುವವರಿದ್ದಾರೆ, ಅವರಿಗೂ ಮಕ್ಕಳಿದ್ದಾರೆ” ಎಂದರು. ನಿಜ. ಆ ಮಕ್ಕಳು ಹೊಟ್ಟೆ ತುಂಬ ಉಣ್ಣಲಿ. ಆದರೆ ಅಲ್ಲಿಯ ಜಾಮು ಮಾಡುವವನಿಗೆ ಅವನ ಸರ್ಕಾರ ಕೊಡೆ ಹಿಡಿದಿದೆ. ನಮ್ಮ ಕೊಡೆಯನ್ನು ಮಾತ್ರ ಮಡಚಿ ಕೊಡಿ ಎಂದರೆ ಹೇಗೆ? ಕೊನೆಗೆ, ತಮ್ಮ ರಾಜಧಾನಿಯನ್ನು ಕೇಳಬೇಕು, ಅಲ್ಲಿ ಇನ್ನೂ ಬೆಳಗಾಗಿಲ್ಲ, ಕಚೇರಿ ತೆರೆದ ಮೇಲೆ ಫೋನ್ ಮಾಡಿಸುತ್ತೇನೆ ಎಂದರು. ಇಲ್ಲಿ ನೋಡಿದರೆ, ಸ್ವಾಗತ ಮುಗಿದ ಕೂಡಲೇ ಸಹಿ ಎಂದು ಕಾರ್ಯಕ್ರಮ ಅಚ್ಚಾಗಿದೆ. ಅತಿಥಿಗಳ ಸಹಾಯಕರು ಫೋನ್ ಹಿಡಿದು ವರಾಂಡದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಾರೆ. ಅಲ್ಲಿ ಸೂರ್ಯ ಹುಟ್ಟುವ ತನಕ ಇಲ್ಲಿ ನನ್ನ ಸ್ವಾಗತ ಮುಗಿಯುವಂತಿಲ್ಲ.

ಇದನ್ನು ಹೇಳಬಾರದಿತ್ತು. ಹೇಳಿಬಿಟ್ಟೆ. ಮೇಡಂ, ಇದನ್ನು ದಾಟಿಸಬೇಕಿಲ್ಲ. ದಾಟಿಸಿಯಾಯಿತೇ? ಅತಿಥಿಗಳು ನಗುತ್ತಿದ್ದಾರೆ. ಕಾರ್ಯದರ್ಶಿಗಳು ನಗುತ್ತಿಲ್ಲ.

ಅಣ್ಣ ಮುಂದಿನ ಸಾಲಿನಿಂದ ಕೈಸನ್ನೆ ಮಾಡುತ್ತಿದ್ದಾನೆ, ಇಳಿ ಎಂದು. ಅವನ ಸಂಕಟವೂ ಸಣ್ಣದಲ್ಲ. ಸಹಿ ಬೀಳದಿದ್ದರೆ ಅತಿಥಿಗಳು ಪೀಪಾಯಿಯನ್ನೂ ನಮ್ಮ ಪಕ್ಕದ ದೇಶದಿಂದಲೇ ಕೊಳ್ಳುತ್ತಾರಂತೆ. ಹಾಗೆಂದು ನಿನ್ನೆ ಕಾರ್ಯದರ್ಶಿಗಳು ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಹಳ ಪ್ರೀತಿಯಿಂದ ಹೇಳಿದರು. ಮನೆಗೆ ಬಂದ ಮೇಲೆ ಅಣ್ಣ ಅಂದ: “ಲೋ, ಪೀಪಾಯಿ ಹೋಗದಿದ್ರೆ ಹಣ್ಣು ಮರದಲ್ಲೇ ಕೊಳೆಯುತ್ತೆ. ಆಮೇಲೆ ನಿನ್ನ ಸೀಸೆಗೆ ಏನು ತುಂಬ್ತೀಯ? ಭಾಷಣಾನಾ?”

ನನ್ನ ಮನೆಯವಳು ಬೇಯಿಸುವ ಕೋಣೆಯ ಮೇಲ್ವಿಚಾರಕಿ. ಅಲ್ಲಿ ಗೋಡೆಯ ಹತ್ತಿರ ಕೈಕಟ್ಟಿ ನಿಂತಿದ್ದಾಳಲ್ಲ, ಅವಳೇ. ಅವರ ಸೀಸೆ ಸುಂಕವಿಲ್ಲದೆ ಬಂದ ದಿನ ನಮ್ಮ ಒಲೆಗಳು ಆರುತ್ತವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಬೆಳಿಗ್ಗೆ ನನ್ನ ಅಂಗಿಗೆ ಇಸ್ತ್ರಿ ಹಾಕಿಕೊಡುತ್ತಾ ಅಂದಳು: “ಅವರ ಜೊತೆ ಫೋಟೋ ಬೇಕಾದ್ರೆ ತೆಗೆಸ್ಕೊಳ್ಳಿ, ನನಗೇನೂ ಬೇಜಾರಿಲ್ಲ. ಸಹಿ ಹಾಕಿದ್ರೆ ಮಾತ್ರ, ಕೆಲಸ ಇಲ್ಲ ಅಂತ ನೀವೇ ಒಳಗೆ ಬಂದು ಒಬ್ಬೊಬ್ಬರಿಗೂ ಹೇಳ್ಬೇಕು. ಜವಾನನ್ನ ಕಳಿಸಬೇಡಿ.”

ಅಂಗಿಯ ಇಸ್ತ್ರಿ ಚೆನ್ನಾಗಿ ಬಂದಿದೆ. ಬೆನ್ನು ಮಾತ್ರ ಪೂರ್ತಿ ಒದ್ದೆಯಾಗಿದೆ, ಅದು ನಿಮಗೆ ಕಾಣುವುದಿಲ್ಲ.

ಹೊರಗೆ ಅತಿಥಿಗಳ ಕಾರು ಚಾಲೂ ಆದ ಸದ್ದು. ವಿಮಾನ ಯಾರಿಗೂ ಕಾಯುವುದಿಲ್ಲ, ನಿಜ. ಇನ್ನೊಂದು ಚೀಟಿ. ‘ಮೈಕ್ ಆಫ್ ಮಾಡಿಸಬೇಕಾಗುತ್ತದೆ.’ ಮಾಡಿಸಿ ಸಾರ್. ಕುದಿಯುವ ಹಂಡೆಗಳ ನಡುವೆ ಕೂಗಿ ಮಾತಾಡಿ ಬೆಳೆದ ಗಂಟಲು ಇದು.

ಸಹಾಯಕರು ಒಳಗೆ ಬಂದರು. ಅಂತೂ ಅಲ್ಲಿ ಬೆಳಗಾಯಿತು. ಅತಿಥಿಗಳ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ. ಹೇಳಲಿ, ನಾನು ನೀರು ಕುಡಿಯುತ್ತೇನೆ.

ದುಭಾಷಿ ಮೇಡಂ ಬರೆದು ಕೊಟ್ಟಿದ್ದಾರೆ. ಓದುತ್ತೇನೆ. ‘ಸೀಸೆಯ ವಿಚಾರವನ್ನು ಐದು ವರ್ಷಗಳ ನಂತರ ಸಹಾನುಭೂತಿಯಿಂದ ಪರಿಶೀಲಿಸಲಾಗುವುದು.’

ಸಹಾನುಭೂತಿ. ನಮ್ಮ ಇಲಾಖೆಯಲ್ಲೂ ಇದು ಧಾರಾಳವಾಗಿ ಸಿಗುತ್ತದೆ. ಈ ಒಂದು ಸರಕಿಗೆ ಯಾವ ದೇಶದಲ್ಲೂ ಸುಂಕವಿಲ್ಲವೆಂದು ಕಾಣುತ್ತದೆ.

ಐದು ವರ್ಷ ಒಲೆ ಆರಿದ ಮೇಲೆ ಪರಿಶೀಲಿಸಲು ಅಲ್ಲಿ ಏನಿರುತ್ತದೆ? ಯಾರಿರುತ್ತಾರೆ? ಕಾರ್ಖಾನೆಯ ಪರವಾಗಿ ನಾನು ಈ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ. ಮೇಡಂ, ಈ ಮಾತನ್ನು ಇಷ್ಟೇ ಉದ್ದಕ್ಕೆ ದಾಟಿಸಿ. ನಾವು ಬಾಗಿಲು ಹಾಕುತ್ತಿಲ್ಲ. ಎರಡೂ ಕಡೆ ಒಂದೇ ಅಳತೆಯ ಬಾಗಿಲು ಇಡಿಸಿಕೊಂಡು ಬನ್ನಿ, ಅಂದೇ ಸಹಿ ಹಾಕುತ್ತೇನೆ.

ಅಣ್ಣ, ನಿನ್ನ ಹಣ್ಣು ಕೊಳೆತರೆ ಅದು ನನ್ನ ತಲೆಗೇ ಬರಲಿ. ಬೈಯುವುದಿದ್ದರೆ ಇಲ್ಲೇ ಬೈದುಬಿಡು, ಎಲ್ಲರೂ ಇದ್ದಾರೆ.

ಅಣ್ಣ ಎದ್ದ. ವೇದಿಕೆಗೇ ಬರುತ್ತಿದ್ದಾನೆ. ಮೆಟ್ಟಿಲು ನೋಡಿಕೊಂಡು ಬಾರೋ. ಮೇಜಿನ ಹತ್ತಿರ ಹೋದ. ಪೆನ್ನು ಕೈಗೆತ್ತಿಕೊಂಡ.

ಸಭಿಕರೇ, ಒಂದು ನಿಮಿಷ.

ಸಹಿ ಹಾಕಲಿಲ್ಲ, ಮುಚ್ಚಳ ಹಾಕಿದ. ಜೇಬಿಗಿಟ್ಟುಕೊಂಡ. ಅಣ್ಣಾ, ಅದು ಇಲಾಖೆಯ ಪೆನ್ನು ಕಣೋ. ಇರಲಿ, ಇರಲಿ, ಕೂತುಕೋ.

ಕಾರ್ಯಕ್ರಮದ ಮುಂದಿನ ಅಂಶ ಸಹಿ ಎಂದು ಅಚ್ಚಾಗಿದೆ. ಪೆನ್ನಿಲ್ಲದ ಕಾರಣ ಅದನ್ನು ಕೈಬಿಡಲಾಗಿದೆ. ತಾಳ್ಮೆಯಿಂದ ಕುಳಿತ ಅತಿಥಿಗಳಿಗೂ, ತಾಳ್ಮೆಯಿಲ್ಲದೆಯೂ ಕುಳಿತ ಕಾರ್ಯದರ್ಶಿಗಳಿಗೂ, ಕುಳಿತವರಿಗೂ ನಿಂತವರಿಗೂ ನನ್ನ ಕೃತಜ್ಞತೆಗಳು. ಊಟ ಸಿದ್ಧವಿದೆ, ವಿಮಾನ ಹಿಡಿಯುವವರೂ ಎರಡು ತುತ್ತು ಉಂಡೇ ಹೊರಡಬೇಕು. ನಮಸ್ಕಾರ.