ರೋಮ್ ಪಟ್ಟಿಯ ಹತ್ತೂಮುಕ್ಕಾಲರ ಸಾಲು

ಹೆಸರು: ಅಮೋಘ, ತಂದೆ ದಿವಂಗತ ಶಂಕರಪ್ಪ. ವಯಸ್ಸು: 20 ವರ್ಷ. ಕೆಲಸ: ವೆಲ್ಷ್‌ಪೂಲ್‌ನ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಚಾಲಕ. ವಿದ್ಯಾಭ್ಯಾಸ: ಹನ್ನೊಂದನೇ ತರಗತಿ, ಅರ್ಧಕ್ಕೆ ಬಿಟ್ಟದ್ದು. ವಾಸ: ಅಣ್ಣ ವಸಂತಕುಮಾರನ ಮನೆ, ಥಾರ್ನ್ಲಿ, ಪರ್ತ್.

ನನ್ನ ಅತ್ತಿಗೆ ಮೈಥಿಲಿಯವರು ದಿನಾಂಕ 11-10-2015ರಂದು ತಮ್ಮ ಪಾಸ್‌ಪೋರ್ಟನ್ನು ಬಚ್ಚಿಡಲಾಗಿತ್ತೆಂದು ಕೊಟ್ಟ ದೂರಿಗೆ ಸಾಕ್ಷಿಯಾಗಿ ಈ ದಿನ ಠಾಣೆಗೆ ಬಂದು ನಾನು ಹೇಳುವುದೇನೆಂದರೆ:

ನನಗೆ ಇಂಗ್ಲಿಷ್ ಬರುತ್ತದೆ. ಆದರೂ ಹೇಳಿಕೆಯನ್ನು ಕನ್ನಡದಲ್ಲೇ ಕೊಡುತ್ತೇನೆಂದು ಕೇಳಿಕೊಂಡೆ, ಏಕೆಂದರೆ ಮಾತೆಲ್ಲ ನಡೆದದ್ದು ಕನ್ನಡದಲ್ಲಿ. ಅಣ್ಣನ ಮೇಲೆ ನನಗೆ ಸಿಟ್ಟಿದೆ. ಅದನ್ನು ಮೊದಲೇ ಹೇಳುತ್ತೇನೆ. ತಂದೆ ತೀರಿಕೊಂಡ ಮೇಲೆ ನನ್ನನ್ನೂ ತಾಯಿಯನ್ನೂ ಮೈಸೂರಿನಿಂದ ಇಲ್ಲಿಗೆ ಕರೆಸಿಕೊಂಡು ಸಾಕಿದವನೂ ಅವನೇ. ಅದೂ ನಿಜ.

ಅಣ್ಣ ಆಸ್ಟ್ರೇಲಿಯಾದ ಪ್ರಜೆ. ಅವರ ಮಗಳು ಅನನ್ಯಾ, ಮೂರು ವರ್ಷ, ಅವಳೂ ಇಲ್ಲಿನ ಪ್ರಜೆ. ಅತ್ತಿಗೆಯದು ಭಾರತದ ಪಾಸ್‌ಪೋರ್ಟ್. ಒಂದು ವರ್ಷದಿಂದ ಗಂಡ ಹೆಂಡತಿಗೆ ಮಾತು ಸರಿಯಿರಲಿಲ್ಲ. ಹಾಗಿರುವಾಗ ಆಗಸ್ಟ್‌ನಲ್ಲಿ ಅಣ್ಣ ಮೂರು ದಿನ ರೋಮ್ ನೋಡಿ ಬರೋಣ ಎಂದ. ಅತ್ತಿಗೆ ನಡೆಯಲಿಕ್ಕೆಂದು ಹೊಸ ಬೂಟು ಕೊಂಡು, ಹೊರಡುವ ಎರಡು ವಾರ ಮೊದಲಿನಿಂದ ಮನೆಯೊಳಗೇ ಹಾಕಿಕೊಂಡು ಓಡಾಡಿದರು. ನಾನೂ ನನ್ನ ದುಡಿಮೆಯಲ್ಲಿ ಟಿಕೆಟ್ ತೆಗೆದು ಜೊತೆಗೆ ಹೊರಟೆ. ತಾಯಿ ಬರಲಿಲ್ಲ.

03-10-2015, ಶನಿವಾರ ಬೆಳಗ್ಗೆ ಅಣ್ಣ ಮೂರೂ ದಿನಗಳ ಪಟ್ಟಿಯನ್ನು ಮನೆಯಲ್ಲೇ ಪ್ರಿಂಟ್ ಮಾಡಿದ. ಯಾವ ಸ್ಥಳಕ್ಕೆ ಎಷ್ಟು ನಿಮಿಷ ಎಂಬುದೂ ಅದರಲ್ಲಿತ್ತು. ನಾನು ಒಂದು ಕಡೆ ನಿಲ್ಲುವವನಲ್ಲ, ಗುಂಪು ಬಿಟ್ಟು ಹೋಗುತ್ತೇನೆ ಎಂದು ನನಗೂ ಒಂದು ಪ್ರತಿ ಕೊಟ್ಟ. ಮಡಚಿ ಜೇಬಿನಲ್ಲಿಟ್ಟುಕೊಂಡೆ. ಓದಲಿಲ್ಲ.

06-10-2015, ಮಂಗಳವಾರ ಮಧ್ಯಾಹ್ನ 1.20ಕ್ಕೆ ರೋಮ್ ತಲುಪಿದೆವು. 4.30ಕ್ಕೆ ಟ್ರೆವಿ ಕಾರಂಜಿಗೆ ಹೋದೆವು. ದುರಸ್ತಿ ನಡೆಯುತ್ತಿತ್ತು, ನೀರಿರಲಿಲ್ಲ. ಅನನ್ಯಾ ನೀರೆಲ್ಲಿ ಎಂದು ಇಂಗ್ಲಿಷ್‌ನಲ್ಲಿ ಎರಡು ಸಲ ಕೇಳಿದಳು. ಅಣ್ಣ ನೋಡಿ ಆಯಿತು ಎಂದು ಪಟ್ಟಿಯಲ್ಲಿ ಗೀಟು ಹಾಕಿದ. ಆ ದಿನ ಎಲ್ಲರ ಪಾಸ್‌ಪೋರ್ಟ್‌ಗಳೂ ಅವನ ಹತ್ತಿರವೇ ಇದ್ದವು.

07-10-2015, ಬುಧವಾರ ಬೆಳಗ್ಗೆ 7.45ಕ್ಕೆ ಹೋಟೆಲಿನಲ್ಲಿ ಅವರವರ ಪಾಸ್‌ಪೋರ್ಟ್ ಅವರವರ ಕೈಗೆ ಕೊಟ್ಟ. ವ್ಯಾಟಿಕನ್ ಬೇರೆ ದೇಶ, ಬಾಗಿಲಲ್ಲಿ ಕೇಳಬಹುದು ಎಂದ. ಅಲ್ಲಿ ಯಾರೂ ಕೇಳಲಿಲ್ಲ. ಅತ್ತಿಗೆ ತಮ್ಮದನ್ನು ಕೈಚೀಲದಲ್ಲಿ, ಮಗುವಿನ ಬಿಸ್ಕತ್ತಿನ ಡಬ್ಬಿಯ ಪಕ್ಕ ಇಟ್ಟರು. ವ್ಯಾಟಿಕನ್ನಿನ ಸಾಲಿನಲ್ಲಿ ಒಂದು ಗಂಟೆ ನಲವತ್ತು ನಿಮಿಷ ನಿಂತೆವು. ಅಣ್ಣ ಅತ್ತಿಗೆಯ ಫೋಟೋ ತೆಗೆದ. ನಗು ಎಂದು ಹೇಳಿ ತೆಗೆದ.

ಸಂಜೆ 4.10ಕ್ಕೆ ಹೋಟೆಲಿಗೆ ಮರಳಲು ಬಸ್ ಹತ್ತಿದೆವು. ನೂಕುನುಗ್ಗಲಿತ್ತು. ಅತ್ತಿಗೆ ಮಗುವನ್ನೆತ್ತಿಕೊಂಡು ಕಂಬ ಹಿಡಿದು ನಿಂತಿದ್ದರು. ಅವರ ಹಿಂದೆ ಅಣ್ಣ, ಅಣ್ಣನಿಂದ ಸುಮಾರು ಎರಡು ಮೀಟರ್ ದೂರದಲ್ಲಿ ನಾನು. ಬಸ್ಸಿನಲ್ಲಿ ನಾನು ಏನನ್ನೂ ನೋಡಲಿಲ್ಲ. 4.50ಕ್ಕೆ ಇಳಿದ ಮೇಲೆ ಅಣ್ಣ ಅತ್ತಿಗೆಯ ಚೀಲದ ಜಿಪ್ ತೆರೆದಿದೆ ಎಂದ. ಪಾಸ್‌ಪೋರ್ಟ್ ಇರಲಿಲ್ಲ. ಪರ್ಸ್ ಇತ್ತು. ಜೇಬುಗಳ್ಳರ ಊರಿದು, ನಿನಗೆ ಚೀಲ ಕಾಯುವಷ್ಟೂ ಬುದ್ಧಿಯಿಲ್ಲವೇ ಎಂದು ಅಣ್ಣ ರಸ್ತೆಯಲ್ಲೇ ಬೈದ. ಅತ್ತಿಗೆ ಚೀಲವನ್ನು ಫುಟ್‌ಪಾತಿನ ಮೇಲೆ ಮಗುಚಿ ಒಂದೊಂದೇ ಸಾಮಾನು ಎತ್ತಿ ನೋಡಿದರು. ಮೂರು ಸಲ ನೋಡಿದರು.

ಅದೇ ದಿನ ಸಂಜೆ 7.40ಕ್ಕೆ ನಾನು ಪಕ್ಕದ ಕೋಣೆಯಲ್ಲಿದ್ದಾಗ ಗೋಡೆಯಾಚೆ ಎರಡು ಸಲ ಸದ್ದಾಯಿತು. ಆಮೇಲೆ ಮಗು ಅತ್ತಿತು. ಬಾಗಿಲು ಮುಚ್ಚಿತ್ತು. ನಾನು ಹೋಗಿ ತಟ್ಟಲಿಲ್ಲ.

08-10-2015, ಗುರುವಾರ ಬೆಳಗ್ಗೆ 8.30ಕ್ಕೆ ಕೊಲೋಸಿಯಂ ನೋಡಿದೆವು. ಪಾಸ್‌ಪೋರ್ಟ್ ಕಳೆದ ಮರುದಿನವೂ ಅಣ್ಣ ಅದಕ್ಕೆ ಪಟ್ಟಿಯಲ್ಲಿದ್ದಂತೆ ಎಪ್ಪತ್ತೈದು ನಿಮಿಷ ಕೊಟ್ಟ. ಅತ್ತಿಗೆ ಒಳಗೆ ಬಂದರು, ತಲೆ ಎತ್ತಿ ನೋಡಲಿಲ್ಲ. ಅಲ್ಲಿಂದ ಭಾರತದ ಎಂಬಸಿಗೆ ಹೋದೆವು. ಕೌಂಟರಿನಲ್ಲಿದ್ದವರು ವಿವರಿಸಿದರು: ತುರ್ತು ಪತ್ರ ಬೇಗ ಸಿಗುತ್ತದೆ, ಆದರೆ ಅದರಲ್ಲಿ ಭಾರತಕ್ಕೆ ಮಾತ್ರ ಹೋಗಬಹುದು, ಹೊಸ ಪಾಸ್‌ಪೋರ್ಟ್ ಬೇಕಾದರೆ ಕಾಯಬೇಕು. ಅಣ್ಣ ತುರ್ತು ಪತ್ರವೇ ಸಾಕು ಎಂದ. ಅತ್ತಿಗೆ ಮೈಸೂರಿಗೆ ಹೋಗಲಿ, ಮಗು ತನ್ನೊಡನೆ ಪರ್ತ್‌ಗೆ ಬರಲಿ, ತಾಯಿ ನೋಡಿಕೊಳ್ಳುತ್ತಾರೆ, ಎರಡು ತಿಂಗಳಲ್ಲಿ ಎಲ್ಲ ಸರಿಮಾಡಿ ಕರೆಸಿಕೊಳ್ಳುತ್ತೇನೆ ಎಂದ. ಅತ್ತಿಗೆ ಕೆಳಗೆ ಕೂತು, ಕಟ್ಟಿಯೇ ಇದ್ದ ಮಗುವಿನ ಷೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದರು.

ನಾನು ಬೆಂಚಿನ ಮೇಲೆ ಕೂತು ಬೇಸರಕ್ಕೆ ಜೇಬಿನ ಪಟ್ಟಿ ತೆಗೆದೆ. ಮೂರನೇ ದಿನದ ಕೆಳಗೆ ಹೀಗಿತ್ತು: 8.30 ಕೊಲೋಸಿಯಂ. 10.45 ಎಂಬಸಿ, ಎರಡು ಗಂಟೆ. 1.00 ಊಟ. ಮೊದಲು ನನಗೆ ಏನೂ ಅನ್ನಿಸಲಿಲ್ಲ. ನಾವು ಎಂಬಸಿಯಲ್ಲಿದ್ದೆವು, ಪಟ್ಟಿಯಲ್ಲೂ ಎಂಬಸಿ ಇತ್ತು. ಗಡಿಯಾರ ನೋಡಿದೆ, 11.05. ಆಗ ಪಟ್ಟಿ ಪ್ರಿಂಟಾದ ದಿನ ನೆನಪಾಯಿತು. ಎದ್ದು ಹೋಗಿ ಅಣ್ಣನನ್ನು ಕೇಳಿದೆ:

“ಅಣ್ಣ, ಇದನ್ನ ಶನಿವಾರಾನೇ ಪ್ರಿಂಟ್ ಮಾಡಿದ್ಯಲ್ಲ. ಬುಧವಾರ ಪಾಸ್‌ಪೋರ್ಟ್ ಹೋಗುತ್ತೆ ಅಂತ ನಿಂಗೆ ಹೆಂಗೆ ಗೊತ್ತಿತ್ತು?”

ಅವನು ಪಟ್ಟಿ ನೋಡಿದ, ಅತ್ತಿಗೆಯನ್ನು ನೋಡಿದ. “ಸ್ಕೂಲ್ ಮುಗಿಸಕ್ಕೆ ಯೋಗ್ಯತೆ ಇಲ್ಲ, ನಂಗೆ ಪ್ರಶ್ನೆ ಕೇಳ್ತೀಯಾ? ಹೋಗಿ ಕೂತ್ಕೊ.”

ನಾನು ಕೂರಲಿಲ್ಲ. ಅವನ ಹೆಗಲಿನ ಕ್ಯಾಮೆರಾ ಚೀಲ ಎಳೆದುಕೊಂಡೆ. ಅನುಮತಿ ಕೇಳಲಿಲ್ಲ. ಹಿಂಬದಿಯ ಜಿಪ್ಪಿನಲ್ಲಿ ಅತ್ತಿಗೆಯ ಪಾಸ್‌ಪೋರ್ಟ್ ಇತ್ತು. ಅವನು ನನ್ನ ಕಾಲರ್ ಹಿಡಿದ. ನಾನು ಅವನ ಬಾಯಿಗೆ ಒಂದು ಸಲ ಹೊಡೆದೆ. ಅವನು ನನಗೆ ಹೊಡೆದಿರಲಿಲ್ಲ. ಅವನ ಕೆಳತುಟಿ ಒಡೆಯಿತು. ಕಾವಲಿನವರು ನಮ್ಮನ್ನು ಹೊರಗೆ ಕಳಿಸಿದರು. ಅತ್ತಿಗೆ ಮೆಟ್ಟಿಲ ಮೇಲೆ ನಿಂತು ಪಾಸ್‌ಪೋರ್ಟ್ ಬಿಡಿಸಿ ಅದರಲ್ಲಿದ್ದ ತಮ್ಮ ಫೋಟೋವನ್ನು ಬಹಳ ಹೊತ್ತು ನೋಡಿದರು.

09-10-2015ರಂದು ಒಂದೇ ವಿಮಾನದಲ್ಲಿ, ಒಂದೇ ಸಾಲಿನಲ್ಲಿ ಕೂತು ಹೊರಟು, 10ರಂದು ಪರ್ತ್ ತಲುಪಿದೆವು. ದಾರಿಯಲ್ಲಿ ಮಾತಾಡಿದ್ದು ಅನನ್ಯಾ ಒಬ್ಬಳೇ. 11ರಂದು ಬೆಳಗ್ಗೆ ಅತ್ತಿಗೆ ಮಗುವನ್ನು ಕರೆದುಕೊಂಡು, ನಮ್ಮ ಮನೆಯಿಂದ ನಾನೂರು ಮೀಟರ್ ದೂರದಲ್ಲಿರುವ, ತಮ್ಮ ಪರಿಚಯದ ವಯೊಲೆಟ್ ಆಂಟಿಯ ಮನೆಗೆ ಹೋದರು. ಅಲ್ಲಿಂದಲೇ ದೂರು ಕೊಟ್ಟರು. ಮಗುವನ್ನು ತನಗೆ ಒಪ್ಪಿಸಬೇಕೆಂದು ಅಣ್ಣ ವಕೀಲರನ್ನು ಹಿಡಿದಿದ್ದಾನೆ. ಹೆಂಡತಿಗೆ ಸ್ವಂತ ಪಾಸ್‌ಪೋರ್ಟ್ ಕಾಪಾಡಿಕೊಳ್ಳುವಷ್ಟೂ ನಿಗಾ ಇಲ್ಲ ಎಂಬುದು ಅವನ ವಾದ.

12ರಂದು ಸಂಜೆ 6 ಗಂಟೆಗೆ ತಾಯಿ ನನಗೆ ಅನ್ನ ಬಡಿಸುತ್ತ, ಪಾಸ್‌ಪೋರ್ಟನ್ನು ಅಣ್ಣನ ಚೀಲದಲ್ಲಿ ಇಟ್ಟದ್ದು ನಾನೇ, ಇಟ್ಟು ಮರೆತೆ ಎಂದು ಠಾಣೆಯಲ್ಲಿ ಹೇಳಬೇಕೆಂದರು. “ನಿಂಗೇನು ಹೋಗುತ್ತೆ? ಓದಿಲ್ದೋನು, ಮರೆತೆ ಅಂದ್ರೆ ಎಲ್ರೂ ನಂಬ್ತಾರೆ.” ನಾನು ಹೇಳುವುದಿಲ್ಲ ಎಂದೆ. ಹಾಗಾದರೆ ಅನ್ನ ಕೊಟ್ಟವನ ಮನೆಯಲ್ಲಿ ಇರಬೇಡ ಎಂದರು.

13ರಂದು ಮಧ್ಯಾಹ್ನ 3.30ಕ್ಕೆ ಅತ್ತಿಗೆ ನನ್ನನ್ನು ಕರೆಸಿ, ಹೋಟೆಲಿನಲ್ಲಿ ಅಣ್ಣ ತಮಗೆ ಹೊಡೆದದ್ದನ್ನು ಕಣ್ಣಾರೆ ಕಂಡೆ ಎಂದು ಹೇಳಬೇಕೆಂದು ಕೇಳಿದರು. ಹೊಡೆದದ್ದು ನಿಜ, ಒಂದು ಮಾತು ಸೇರಿಸಿದರೆ ಮಗು ತಮ್ಮ ಹತ್ತಿರ ಉಳಿಯುತ್ತದೆ ಎಂದರು. ನಾನು ಸದ್ದು ಕೇಳಿದೆ, ನೋಡಿಲ್ಲ ಎಂದೆ. “ನೀನೂ ಅವ್ರ ಮನೆಯವನೇ” ಎಂದು ಬಾಗಿಲು ಹಾಕಿಕೊಂಡರು.

ಇಲ್ಲಿಯವರೆಗಿನ ಹೇಳಿಕೆಯನ್ನು ಬೆಳಗ್ಗೆ 11.40ಕ್ಕೆ ದುಭಾಷಿಯವರು ನನಗೆ ಓದಿ ಹೇಳಿದರು. ಅದರಲ್ಲಿ ಒಂದು ವಾಕ್ಯ ಸುಳ್ಳಿದೆ, ಹೊಡೆದುಹಾಕಿ ಎಂದೆ. ಹೊಡೆದುಹಾಕುವಂತಿಲ್ಲ, ಕೆಳಗೆ ಸೇರಿಸಬಹುದು ಎಂದು ಅಧಿಕಾರಿ ತಿಳಿಸಿದರು. ಆದ್ದರಿಂದ ಸೇರಿಸುತ್ತಿದ್ದೇನೆ.

ಬಸ್ಸಿನಲ್ಲಿ ನಾನು ಏನನ್ನೂ ನೋಡಲಿಲ್ಲ ಎಂದದ್ದು ಸುಳ್ಳು. 4.20ರ ಹೊತ್ತಿಗೆ ಅಣ್ಣನ ಬಲಗೈ ಅತ್ತಿಗೆಯ ಚೀಲದೊಳಗೆ ಹೋದದ್ದನ್ನು ನೋಡಿದೆ. ಮಗುವಿಗೆ ಬಿಸ್ಕತ್ತು ತೆಗೆಯುತ್ತಿದ್ದಾನೆ ಎಂದುಕೊಂಡೆ. ಕೈ ಹೊರಗೆ ಬಂದಾಗ ಅದರಲ್ಲಿದ್ದದ್ದು ನೀಲಿ ರಟ್ಟಿನ ಪುಸ್ತಕ. ಅಣ್ಣ ತಲೆ ಎತ್ತಿದ, ನನ್ನನ್ನು ಕಂಡ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅತ್ತಿಗೆ ರಸ್ತೆಯಲ್ಲಿ ಚೀಲ ಮಗುಚಿದಾಗಲೂ ಹೇಳಲಿಲ್ಲ, ಗೋಡೆಯಾಚೆ ಸದ್ದಾದಾಗಲೂ ಹೇಳಲಿಲ್ಲ. ಮರುದಿನ ಪಟ್ಟಿ ಸಿಕ್ಕಿತು, ಅದನ್ನು ಮುಂದಿಟ್ಟುಕೊಂಡು ಕೇಳಿದೆ. ಅಣ್ಣನ ಚೀಲದಲ್ಲಿ ಏನಿದೆಯೆಂದು ನನಗೆ ಮೊದಲೇ ಗೊತ್ತಿತ್ತು.

ಇದು ಅತ್ತಿಗೆಗೆ ಇನ್ನೂ ತಿಳಿದಿಲ್ಲ. ಈ ಹೇಳಿಕೆಯ ಪ್ರತಿ ಅವರಿಗೂ ಹೋಗುತ್ತದೆಯೇ ಎಂದು ಅಧಿಕಾರಿಯನ್ನು ಕೇಳಿದೆ. ನ್ಯಾಯಾಲಯಕ್ಕೆ ಹೋದರೆ ಹೋಗುತ್ತದೆ ಎಂದರು. ಹೋಗಲಿ ಎಂದೆ.

ಕಂಡದ್ದನ್ನು ಕಂಡೆನೆಂದೂ, ಕೇಳಿದ್ದನ್ನು ಬರೀ ಕೇಳಿದೆನೆಂದೂ ಹೇಳಿದ್ದೇನೆ. ಸೇರಿಸಿದ ಭಾಗವನ್ನೂ ಓದಿಸಿ ಕೇಳಿದೆ. ಈಗ ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಪರ್ತ್
ದಿನಾಂಕ: 15-10-2015, ಮಧ್ಯಾಹ್ನ 12.15
ಸಹಿ: ಅಮೋಘ ಎಸ್.