ಬೇಡ ಅಂದರೆ ಬೇಟಾ ಅಲ್ಲ

ನನಗಿಂತ ಮೆತ್ತಗಿನ ಕುರ್ಚಿಯಲ್ಲಿ ಕುಳಿತಿರುವ ಅಧ್ಯಕ್ಷರೇ, ದೆಹಲಿಯ ಓಖ್ಲಾದ ಟ್ರಾಫಿಕ್ ದಾಟಿ ಘಾಜಿಯಾಬಾದ್ ತಲುಪಿದ ಮುಖ್ಯ ಅತಿಥಿಗಳೇ, ಊಟ ತಡವಾದೀತೆಂಬ ಅನುಮಾನದಿಂದ ನನ್ನನ್ನೇ ನೋಡುತ್ತಿರುವ ಸಭಿಕರೇ,

ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಬಗ್ಗೆ ನಮ್ಮ ಕನ್ನಡ ಸಂಘದ ಸ್ವಯಂಸೇವಕರು ಈ ವರ್ಷ ಜಾಗೃತಿ ಮೂಡಿಸಿದರೆಂದು ನನಗೂ ಶಾಲು ಹೊದಿಸಿದ್ದೀರಿ. ನಾನು ಮಾಡಿದ್ದೇನು? ಕಿರುನಾಟಕದಲ್ಲಿ ಮಗುವನ್ನು ಎಳೆದೊಯ್ಯುವ ದುಷ್ಟನ ಪಾತ್ರ. ಸೇನಾ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಪೂವಮ್ಮನವರು ನಮ್ಮ ತಂಡದ ಮುಖ್ಯಸ್ಥೆ. ಅವರು, "ಸೂರ್ಯನಾರಾಯಣ ಸರ್, ನಿಮಗೆ ಮೇಕಪ್ ಏನೂ ಬೇಕಾಗಲ್ಲ" ಅಂದರು. ಇಡೀ ಸರ್ವೀಸು ಫೈಲು ನೋಡಿದ ಮುಖ, ಇನ್ನು ಹೇಗಿರುತ್ತದೆ?

ಮಕ್ಕಳು ಏನೆಂದು ಕೂಗಬೇಕು? ಕನ್ನಡ ಸಂಘ, ಕನ್ನಡವೇ ಇರಲಿ ಎಂದು ಪಟ್ಟು ಹಿಡಿದವನು ನಾನು. "ಬೇಡ!" ಎಷ್ಟು ಚಿಕ್ಕ ಪದ, ಎಷ್ಟು ಗಟ್ಟಿ ಪದ! ಸೊಸೈಟಿ ಪಾರ್ಕಿನಲ್ಲಿ ತಾಲೀಮು. ಮಗುವಾಗಿ ನನ್ನ ಮೊಮ್ಮಗಳು. ಹೆಸರು ಹೇಳುವುದು ಬೇಡ ಅಂದಿದ್ದಾಳೆ. ನಿಮಗೆಲ್ಲ ಗೊತ್ತಿದೆ, ಆದರೂ ಹೇಳುವುದಿಲ್ಲ. ಕೈ ಹಿಡಿದು ಗೇಟಿನ ಕಡೆ ಎಳೆದೆ. "ಬೇಡ! ಬೇಡ!" ಎಂದು ಕಿರುಚಿದಳು. ಹೊಸ ಕಾವಲುಗಾರ ಸಲಾಮು ಹೊಡೆದು ಗೇಟೇ ತೆರೆದ! "ಅರೇ ವಾಹ್ ದಾದಾಜಿ, ಪೋತಿ ಆಪ್ ಕೋ ಬೇಟಾ ಬುಲಾತೀ ಹೈ!" ನಮ್ಮ ಬೇಡ ಅವನ ಕಿವಿಗೆ ಬೇಟಾ ಆಗಿತ್ತು. ಮೊಮ್ಮಗಳು ತಾತನನ್ನು ಮುದ್ದಿನಿಂದ 'ಮಗೂ' ಎಂದು ಕರೆಯುತ್ತಿದ್ದಾಳೆ ಎಂದುಕೊಂಡಿದ್ದ.

ಪೂವಮ್ಮನವರು ನಗಲಿಲ್ಲ. "ಸರ್, ಬೀದೀಲಿ ಕೂಗೋದು ಬೀದಿಯವರಿಗೆ ಅರ್ಥ ಆಗ್ಬೇಕು. ಹೊರಗೆ ಹಿಂದೀಲಿ 'ಬಚಾವೋ', ಕಾಪಾಡಿ ಅಂತ. ಮನೇಲಿ 'ಬೇಡ'."

"ಮನೇಲಿ ಯಾಕಮ್ಮ?"

"ಎಷ್ಟೋ ಸಲ ತೊಂದರೆ ಕೊಡೋರು ಗೊತ್ತಿರೋರೇ ಸರ್."

ನನಗೆ ಸಿಟ್ಟು ಬಂತು. ಮನೆಗೆ ಹೋಗಿ ಎಂದಿನಂತೆ ಮೊಮ್ಮಗಳ ಕೆನ್ನೆ ಹಿಂಡಲು ಕೈ ಚಾಚಿದೆ. "ಬೇಡ ತಾತ."

"ನಾಟಕ ಮುಗೀತಲ್ಲ!"

"ನಾಟಕ ಅಲ್ಲ. ನಂಗೆ ನೋವಾಗುತ್ತೆ."

ನನ್ನ ಶ್ರೀಮತಿ ಶಾರದಮ್ಮ, "ನೀವೇ ಕಲಿಸಿದ್ದು, ಅನುಭವಿಸಿ" ಅಂದಳು. ಕೈ ಹಿಂದಕ್ಕೆ ತೆಗೆದುಕೊಂಡೆ. ತಲೆನೋವೆಂದು ಹೇಳಿ ಊಟ ಬಿಟ್ಟೆ. ಪ್ರೀತಿ ತೋರಿಸಲು ನನಗೆ ಗೊತ್ತಿದ್ದದ್ದು ಕೆನ್ನೆ ಹಿಂಡುವುದೊಂದೇ. ಮಗ ಹರೀಶನಿಗೆ ಅದೂ ಸಿಗಲಿಲ್ಲ. ನಾನು ಕಚೇರಿಯಿಂದ ಬರುವಷ್ಟರಲ್ಲಿ ಅವನು ಮಲಗಿರುತ್ತಿದ್ದ. ಇರಲಿ, ಅದು ಇವತ್ತಿನ ವಿಷಯವಲ್ಲ. ಆಮೇಲೆ ಆ ಕೆನ್ನೆ ಮುಟ್ಟಲಿಲ್ಲ.

ಕೆಲವು ವಾರಗಳ ನಂತರ ಮೊಮ್ಮಗಳೇ ಬಂದು ಪಕ್ಕದಲ್ಲಿ ಕುಳಿತಳು. ಶಾಲಾ ವ್ಯಾನಿನ ಸಹಾಯಕನ ಬಗ್ಗೆ ಒಂದು ಮಾತು ಹೇಳಿದಳು. ಏನೆಂದು ನಾನು ಹೇಳುವುದಿಲ್ಲ. ಅದು ಅವಳ ಮಾತು. ಇಷ್ಟು ಹೇಳುವುದಕ್ಕೂ ಅವಳನ್ನು ಕೇಳಿಯೇ ಬಂದಿದ್ದೇನೆ. ನಂಬಿದೆವು. ಹರೀಶ ಮತ್ತು ಸೊಸೆ ಅಂದೇ ಪೊಲೀಸರಿಗೆ ದೂರು ಕೊಟ್ಟರು. ಅವನೀಗ ಮಕ್ಕಳ ವ್ಯಾನಿನಲ್ಲಿಲ್ಲ.

"ನನಗೇ ಯಾಕೆ ಮೊದಲು ಹೇಳಿದೆ ಪುಟ್ಟಿ?" ಎಂದು ಕೇಳಿದೆ.

"ನಾನು ಬೇಡ ಅಂದೆ ತಾತ. ಆಪ್ ರುಕ್ ಗಯೇ."

ನೀವು ನಿಲ್ಲಿಸಿದಿರಿ, ಅಂತ. ಇಗೋ, ಮುಂದಿನ ಸಾಲಿನಿಂದ ಶಾರದಮ್ಮ ಸಾಕೆಂದು ಕೈಸನ್ನೆ ಮಾಡುತ್ತಿದ್ದಾಳೆ. ನಿಲ್ಲಿಸಿದೆ. ತಾಳ್ಮೆಯಿಂದ ಕೇಳಿದ ನಿಮಗೂ, ನಗದೆ ಕಲಿಸಿದ ಪೂವಮ್ಮನವರಿಗೂ ವಂದನೆಗಳು. ನಮಸ್ಕಾರ.