ಚಿಪ್ ಸಿಗುತ್ತಿಲ್ಲ

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಇದು ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು. ಪಂಪು ತಯಾರಿಸೋ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳೋ ಕೆಲಸ ಅಕ್ಕನದು.

ಆವತ್ತು ಹೊರಟಾಗ ಕತ್ತಲಾಗಿತ್ತು. ಅಂಗಳದಲ್ಲಿ ಜಾಲರಿ ಮುಚ್ಚಿದ ಹಳೇ ಬಾವಿ. ಅದನ್ನು ದಾಟಿದ್ದಳಷ್ಟೇ... ಹಿಂದೆ ಸರಸರ ಹೆಜ್ಜೆ. ಮ್ಯಾನೇಜರ್.

"ಮೇಷ್ಟ್ರ ಕಂಪ್ಯೂಟರ್ ಕೈ ಕೊಟ್ಟಿದೆ," ಅಂದ, ಮೆಲ್ಲಗೆ. "ನಕ್ಷೆಗಳೆಲ್ಲ ಅದರಲ್ಲೇ ಇರೋದು. ಬೆಳಿಗ್ಗೆಯೊಳಗೆ ತೆಗೆದುಕೊಡು. ಆಗದಿದ್ರೆ ನಾಳೆಯಿಂದ ಬರಬೇಡ."

ಮೇಷ್ಟ್ರು ಅಂದರೆ ಅಕ್ಕನಿಗೆ ಕೆಲಸ ಕಲಿಸಿದವರು. ಎಲ್ಲರಿಗೂ ಹೇಳಿಕೊಡ್ತಿದ್ದರು, ಅದಕ್ಕೇ ಆ ಹೆಸರು. ವರ್ಷದ ಕೆಳಗೆ ಈ ಮ್ಯಾನೇಜರೇ ಏನೋ ಒತ್ತಿ ಒಂದು ತಿಂಗಳ ಕೆಲಸ ಅಳಿಸಿಹಾಕಿದ್ದ. ತಪ್ಪು ಮೇಷ್ಟ್ರದು ಅಂತ ಕಾಗದ ಬರೆದ. ಸಾಕ್ಷಿ ಸಹಿ ಹಾಕಿದವಳು ಅಕ್ಕ. ಮೇಷ್ಟ್ರನ್ನ ಮನೆಗೆ ಕಳಿಸಿದರು. ಮೂರೇ ತಿಂಗಳು... ತೀರಿಕೊಂಡರು. ಅವರ ಕುರ್ಚಿ ಅಕ್ಕನಿಗೆ ಬಂತು.

ಅಕ್ಕ ವಾಪಸ್ ಒಳಗೆ ಹೋಗಿ ನೋಡಿದರೆ ಪರದೆ ಮೇಲೆ ಒಂದೇ ಸಾಲು: ಭದ್ರತಾ ಚಿಪ್ ಸಿಗುತ್ತಿಲ್ಲ. ಡಿಸ್ಕಿನ ಬೀಗದ ಕೀಲಿ ಇರೋದೇ ಆ ಚಿಪ್ಪಿನಲ್ಲಿ. ಅದು ಸಿಗದಿದ್ರೆ ಉದ್ದನೆಯ ಸಂಖ್ಯೆ ಹೊಡೀಬೇಕು. ಅದು ಗೊತ್ತಿದ್ದದ್ದು ಮೇಷ್ಟ್ರೊಬ್ಬರಿಗೇ. ಮ್ಯಾನೇಜರ್ ಮೇಷ್ಟ್ರ ಹೆಂಡತಿಗೆ ಫೋನ್ ಮಾಡಿದನಂತೆ. "ಅವರನ್ನೇ ಕೇಳಿ," ಅಂದು ಇಟ್ಟುಬಿಟ್ಟರಂತೆ.

ಮ್ಯಾನೇಜರ್ ಮನೆಗೆ ಹೋದ. ಅಕ್ಕ ಒಬ್ಬಳೇ. ಸೆಟ್ಟಿಂಗಿನಲ್ಲಿ ಚಿಪ್ಪನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದಳು. ಕಂಪ್ಯೂಟರ್ ಶುರು ಮಾಡಿದಳು. ಕೀಂ... ಸಿಗುತ್ತಿಲ್ಲ. ಒಳಗಿನ ಬ್ಯಾಟರಿ ತೆಗೆದು, ಕಾಲು ಗಂಟೆ ಬಿಟ್ಟು ಹಾಕಿದಳು. ಕೀಂ... ಸಿಗುತ್ತಿಲ್ಲ. ಕೊನೆಗೆ ಪ್ಲಗ್ ಕಿತ್ತು, ಚಿಪ್ ಕೂರಿಸಿದ ಪುಟ್ಟ ಹಲಗೆಯನ್ನೇ ಎಳೆದಳು. ಕಟ್ ಅಂತ ಬಿಟ್ಟುಕೊಂಡಿತು. ಅದನ್ನು ಜೇಬಿಗೆ ಹಾಕಿ, ಒರೆಸೋಕೆ ಬಟ್ಟೆ ಹುಡುಕಿದಳು.

ಆಗ ಬೆನ್ನ ಹಿಂದೆ... "ತ್ಚ್."

ನಾಲಿಗೆ ಹಲ್ಲಿಗೆ ತಾಗಿಸಿ ಮಾಡೋ ಸದ್ದು. ಅವಳು ತಪ್ಪು ಮಾಡಿದಾಗಲೆಲ್ಲ ಮೇಷ್ಟ್ರು ಹಾಗೇ ಮಾಡ್ತಿದ್ದರು.

ಅಕ್ಕ ತಿರುಗಲಿಲ್ಲ. ಹಿಂದೆ ಕುರ್ಚಿಯ ಗಾಲಿ ಕಿರ್ರ್ ಅಂತು. ಹತ್ತಿರ ಬಂತು. ನಿಂತಿತು.

"ಮೇಷ್ಟ್ರೇ," ಅಂದಳು. "ನಿಮ್ಮದೇನೂ ತಪ್ಪಿರಲಿಲ್ಲ. ಗೊತ್ತಿದ್ದೂ ಸಹಿ ಹಾಕಿದೆ. ಕೆಲಸ ಹೋಗುತ್ತೆ ಅಂತ."

ಆಮೇಲೆ, ಕಿವಿಯ ಬಳಿಯೇ... "ಹೂಂ. ಈಗ ಆನ್ ಮಾಡು."

ಹೇಳಿದ ಹಾಗೆ ಪ್ಲಗ್ ಹಾಕಿ ಗುಂಡಿ ಒತ್ತಿದಳು. ಫ್ಯಾನು ಗುಂಯ್ ಅಂತು. ಕೀಂ. ಬೀಗ ಬಿಚ್ಚಿಕೊಂಡಿತು. ನಕ್ಷೆಗಳೆಲ್ಲ ಇದ್ದವು, ಮೇಷ್ಟ್ರು ಜೋಡಿಸಿಟ್ಟ ಹಾಗೇ. ಕುರ್ಚಿ ಖಾಲಿ.

ಬೆಳಿಗ್ಗೆ ಕಾರ್ಖಾನೆಗೆ ಹೋಗಲಿಲ್ಲ. ನೆಟ್ಟಗೆ ಮೇಷ್ಟ್ರ ಮನೆಗೆ ಹೋಗಿ ಅವರ ಹೆಂಡತಿ ಮುಂದೆ ಎಲ್ಲ ಒಪ್ಪಿಕೊಂಡಳು. ಆಕೆ ಅಳಲಿಲ್ಲ, ಬಯ್ಯಲೂ ಇಲ್ಲ.

"ಆ ಮೂರು ತಿಂಗಳೂ ಬಾಗಿಲ ಕಡೆಗೇ ನೋಡ್ತಿದ್ದರು, ನೀನು ಬರ್ತೀಯ ಅಂತ," ಅಂದರು. "ಈಗ ಹೋಗಮ್ಮ."

ಬಾಗಿಲು ಮುಚ್ಚಿತು. ಚಿಲಕ ಟಕ್ ಅಂತ ಬಿತ್ತು.

ಬೀದಿಯಲ್ಲಿ ಕರವಸ್ತ್ರಕ್ಕೆ ಅಂತ ಜೇಬಿಗೆ ಕೈ ಹಾಕಿದಾಗ ಬೆರಳಿಗೆ ಸಿಕ್ಕಿದ್ದು ಆ ಚಿಪ್. ರಾತ್ರಿ ವಾಪಸ್ ಕೂರಿಸೋಕೆ ಮರೆತೇಬಿಟ್ಟಿದ್ದಳು. ಕೆಲಸ ಬಿಡೋ ಕಾಗದದ ಜೊತೆ ಅದನ್ನೂ ಕೊಡೋಕೆ ಹೋದಳು. ಮ್ಯಾನೇಜರ್ ತೊಗೊಳ್ಳಲಿಲ್ಲ. "ಇದ್ಯಾವುದು? ನಮ್ಮದು ಒಳಗೇ ಇದೆಯಲ್ಲ," ಅಂದು ಪರದೆ ತಿರುಗಿಸಿ ತೋರಿಸಿದ. ಚಿಪ್ ಸಿಕ್ಕಿದೆ, ಸರಿಯಾಗಿ ಕೆಲಸ ಮಾಡುತ್ತಿದೆ ಅಂತಿತ್ತು.

ಸುಳ್ಳು ಹೇಳಿ ನನಗೇನು ಸಿಗಬೇಕು? ಆ ಕಂಪ್ಯೂಟರ್ ಇವತ್ತಿಗೂ ಓಡ್ತಿದೆ. ಚಿಪ್ ಅಕ್ಕನ ಮನೆಯಲ್ಲಿದೆ. ನಾನೇ ಅಂಗೈಲಿ ಹಿಡಿದು ನೋಡಿದ್ದೀನಿ... ಬೆಚ್ಚಗಿತ್ತು.